ಸಹಾಯ ಬೇಕು: ಎಂ. ಕೃಷ್ಣನ್ ಅವರ ಸಂಡೂರಿನ ದಿನಗಳ ದಾಖಲೆ ಎಲ್ಲಿ ಹುಡುಕಲಿ?

ಗೆಳೆಯರೇ, ಪ್ರಕೃತಿ ಬರಹಗಾರ ಎಂ. ಕೃಷ್ಣನ್ (1912–1996) ಬಗ್ಗೆ ಹೈಸ್ಕೂಲ್ ಮಕ್ಕಳಿಗಾಗಿ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. 1950ರಿಂದ ಸಾಯುವವರೆಗೂ ಸ್ಟೇಟ್ಸ್‌ಮನ್ ಪತ್ರಿಕೆಗೆ ಅಂಕಣ ಬರೆದವರು. ಹುಲಿ, ಆನೆ ಮಾತ್ರ ಅಲ್ಲ, ಅಳಿಲು, ಕಾಗೆಯನ್ನೂ ಅಷ್ಟೇ ಅಕ್ಕರೆಯಿಂದ ನೋಡಿದವರು. ಬಿಡಿಭಾಗ ಜೋಡಿಸಿ ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಕಪ್ಪು-ಬಿಳುಪು ಫೋಟೋ ತೆಗೆಯುತ್ತಿದ್ದರು.

ನನಗೆ ಬೇಕಿರುವುದು ಅದಕ್ಕೂ ಹಿಂದಿನ ಕಥೆ. 1942ರಲ್ಲಿ ಅವರು ಸಂಡೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. ಮೇಷ್ಟ್ರು, ನ್ಯಾಯಾಧೀಶ, ಮಹಾರಾಜರ ಕಾರ್ಯದರ್ಶಿ, ಎಲ್ಲವೂ ಆಗಿದ್ದರು. ನಮ್ಮ ನೆಲದಲ್ಲೇ ಕಳೆದ ಈ ವರ್ಷಗಳ ಬಗ್ಗೆ ಪುಸ್ತಕಗಳಲ್ಲಿ ಒಂದೆರಡು ಸಾಲು ಅಷ್ಟೇ ಇವೆ. ಲೈಬ್ರರಿಗಳಲ್ಲಿ ಹುಡುಕಿದೆ, ಊರಿನ ಹಿರಿಯರನ್ನೂ ಕೇಳಿದೆ. ಜಾಸ್ತಿ ಏನೂ ಸಿಗಲಿಲ್ಲ.

ಗೊಂದಲ ಇಲ್ಲಿದೆ. ಸಂಡೂರು 1949ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತು. 1953ರಲ್ಲಿ ಬಳ್ಳಾರಿ ಜೊತೆ ಮೈಸೂರಿಗೆ ಬಂತು. ಹಾಗಾದರೆ ಸಂಸ್ಥಾನದ ನೌಕರರ ಕಡತಗಳು ಚೆನ್ನೈನಲ್ಲಿ ಉಳಿದವಾ, ಬೆಂಗಳೂರಿನ ಪತ್ರಾಗಾರಕ್ಕೆ ಬಂದವಾ, ಬಳ್ಳಾರಿಯಲ್ಲೇ ಇವೆಯಾ? ಇಂಥ ಹಳೇ ಕಡತ ಹುಡುಕಿ ಗೊತ್ತಿರುವವರು, ಮೊದಲು ಎಲ್ಲಿಗೆ ಅರ್ಜಿ ಹಾಕಬೇಕು ಅಂತ ಹೇಳ್ತೀರಾ?