ಪದಚರ್ಚೆ: ‘ಮುಟ್ಟಿ ನೋಡು’ವುದೂ ನೋಟವೇ? ಎಂಪಿರಿಸಿಸಮ್, ಅಬ್ಸರ್ವೇಶನ್‌ಗಳಿಗೆ ಕನ್ನಡ

ಎಲ್ಲರಿಗೂ ನಮಸ್ಕಾರ.

ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್‌ನ ಜ್ಞಾನಮೀಮಾಂಸೆಯ (ಅರಿವು ಹೇಗೆ ಬರುತ್ತದೆಂಬ ವಿಚಾರದ) ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಎಂಪಿರಿಸಿಸಮ್’, ‘ಅಬ್ಸರ್ವೇಶನ್’ ಎಂಬ ಎರಡು ಪದಗಳ ಹತ್ತಿರ ಬರವಣಿಗೆ ನಿಂತುಬಿಟ್ಟಿದೆ. ಎರಡಕ್ಕೂ ಕನ್ನಡದಲ್ಲಿ ಪದಗಳಿಗೆ ಬರವೇನಿಲ್ಲ. ಆದರೆ ಇರುವ ಒಂದೊಂದು ಪದವೂ ಓದುವವರನ್ನು ಒಂದೊಂದು ಕಡೆಗೆ ಎಳೆದೊಯ್ಯುತ್ತದೆ. ಬಲ್ಲವರ ಸಲಹೆ ಬೇಕು.

ಎಂಪಿರಿಸಿಸಮ್‌ಗೆ ಪಠ್ಯಗಳಲ್ಲಿ ‘ಅನುಭವವಾದ’ ಎಂದೇ ರೂಢಿ. ಮನಸ್ಸು ಮೊದಲಿಗೆ ಏನೂ ಬರೆಯದ ಬಿಳಿ ಹಾಳೆ, ಅದರ ಮೇಲೆ ಮೂಡುವುದೆಲ್ಲ ಅನುಭವದಿಂದಲೇ ಬಂದದ್ದು ಎಂದು ಲಾಕ್ 1689ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ವಾದಿಸಿದ. ಆ ಅನುಭವಕ್ಕೆ ಅವನು ಹೇಳುವ ಮೂಲಗಳು ಎರಡು: ಇಂದ್ರಿಯಗಳು ಹೊರಗಿನಿಂದ ತಂದುಕೊಡುವುದು, ಮನಸ್ಸು ತನ್ನದೇ ವ್ಯಾಪಾರಗಳನ್ನು ಗಮನಿಸಿ ಪಡೆಯುವುದು. ಇಷ್ಟು ವಿವರಿಸಿದ ಮೇಲೆ ‘ಅನುಭವ’ ಸರಿಯಾಗಿಯೇ ಕೂರುತ್ತದೆ. ವಿವರಿಸುವ ಮೊದಲು ಓದುಗರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂಬುದು ನನ್ನ ಚಿಂತೆ. ‘ಅವರು ಅನುಭವಸ್ಥರು’ ಎಂದರೆ ಆ ಕೆಲಸದಲ್ಲಿ ಪಳಗಿದವರು, ವಯಸ್ಸಿನಲ್ಲಿ ಮಾಗಿದವರು. ಇನ್ನೊಂದು ಬದಿಯಲ್ಲಿ 12ನೇ ಶತಮಾನದ ಶರಣರ ನೆನಪು ತರುವ ಅನುಭವ ಮಂಟಪ ಇದೆ, ಅದರ ಬೆನ್ನಿಗೇ ‘ಅನುಭಾವ’ ಬರುತ್ತದೆ. ಇಂದ್ರಿಯಗಳನ್ನು ಮೀರಿದ ಅರಿವಿಗೆ ನಾವು ಬಳಸುವ ಮಾತಿನ ಪಕ್ಕದಲ್ಲೇ ಇಂದ್ರಿಯಗಳಿಂದಲೇ ಅರಿವು ಶುರುವಾಗುತ್ತದೆ ಎಂಬ ವಾದದ ಹೆಸರನ್ನೂ ಇಟ್ಟಿದ್ದೇವೆ. ‘ಇಂದ್ರಿಯಾನುಭವವಾದ’ ಎಂದರೆ ಈ ಗೊಂದಲ ಕಳೆಯುತ್ತದೆ, ಲಾಕ್ ಹೇಳಿದ ಎರಡನೆಯ ಮೂಲವೂ ಅದರ ಜೊತೆಗೇ ಕಳೆದುಹೋಗುತ್ತದೆ.

‘ಪ್ರತ್ಯಕ್ಷವಾದ’ವನ್ನೂ ಯೋಚಿಸಿದೆ. ಅದು ನೇರ, ಪ್ರತ್ಯಕ್ಷವನ್ನು (ಇಂದ್ರಿಯಗಳಿಂದ ನೇರವಾಗಿ ತಿಳಿದದ್ದನ್ನು) ಮಾತ್ರ ಒಪ್ಪುವ ಚಾರ್ವಾಕರ ಮನೆಗೆ ಹೋಗುತ್ತದೆ, ಲಾಕ್‌ಗೆ ಪ್ರತ್ಯಕ್ಷವೊಂದೇ ಸಾಕಾಗಿರಲಿಲ್ಲ. ಅದೂ ಅಲ್ಲದೆ, ಪ್ರತ್ಯಕ್ಷ ಬಂದರೆ ಹಿಂದೆಯೇ ಅನುಮಾನವೂ ಬರಬೇಕು. ನ್ಯಾಯದರ್ಶನದಲ್ಲಿ ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದು ಅನುಮಾನ, ಅದೊಂದು ಗಟ್ಟಿಯಾದ ಪ್ರಮಾಣ, ಅಂದರೆ ಸರಿಯಾದ ಅರಿವಿಗೆ ಸಾಧನ. ಇವತ್ತಿನ ಮಾತಿನಲ್ಲಿ ‘ಅವನ ಮೇಲೆ ನನಗೆ ಅನುಮಾನ’ ಎಂದರೆ ಶಂಕೆ. ‘ಪ್ರತ್ಯಕ್ಷದ ಬಲದಿಂದ ಅನುಮಾನಕ್ಕೆ ಬರುತ್ತೇವೆ’ ಎಂದು ನಾನು ಬರೆದರೆ ವಿದ್ಯಾರ್ಥಿ ಅದನ್ನು ಪೂರ್ತಿ ತಿರುಗುಮುರುಗಾಗಿ ಓದುವ ಸಾಧ್ಯತೆಯೇ ಹೆಚ್ಚು.

ನಮ್ಮ ಗಾದೆ ಮಾತ್ರ ಶಾಸ್ತ್ರಕ್ಕಿಂತ ಬೇರೆ ದಾರಿ ಹಿಡಿದಿದೆ: ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’ ಶಾಸ್ತ್ರದಲ್ಲಿ ಪ್ರತ್ಯಕ್ಷವೇ ಮೊದಲ ಪ್ರಮಾಣ. ಗಾದೆ ಅದಕ್ಕೆ ಆ ಪಟ್ಟ ಕೊಡುವುದಿಲ್ಲ, ಕಣ್ಣಾರೆ ಕಂಡ ಮೇಲೂ ಮಾಡುವ ಕೆಲಸ ಬಾಕಿ ಇದೆ ಎನ್ನುತ್ತದೆ. ಆ ಬಾಕಿ ಕೆಲಸಕ್ಕೂ ಅದು ಬಳಸುವ ಕ್ರಿಯಾಪದ ‘ನೋಡು’!

ನನಗೆ ನಿಜವಾಗಿ ಚರ್ಚೆ ಬೇಕಿರುವುದು ಈ ‘ನೋಡು’ವಿನ ಬಗ್ಗೆ. ತಿಂದು ನೋಡು, ಮೂಸಿ ನೋಡು, ಕೇಳಿ ನೋಡು, ಎತ್ತಿ ನೋಡು. ರುಚಿ ನೋಡುವುದು ನಾಲಗೆ, ನಾಡಿ ನೋಡುವುದು ವೈದ್ಯರ ಬೆರಳು. ಇವುಗಳಲ್ಲಿ ಎಲ್ಲಿಯೂ ನೋಡುವ ಕೆಲಸ ಕಣ್ಣಿನದಲ್ಲ. ಒಂದು ಕೆಲಸ ಮಾಡಿ, ಅದರಿಂದ ಏನು ತಿಳಿದುಬರುತ್ತದೆಂದು ಕಂಡುಕೊಳ್ಳುವುದೇ ಈ ‘ನೋಡು’. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬಲ್ಲಿಯೂ ಅದೇ ಅರ್ಥ. ತಮಿಳು, ತೆಲುಗುಗಳಲ್ಲೂ ‘ನೋಡು’ ಎಂಬರ್ಥದ ಕ್ರಿಯಾಪದ ಹೀಗೇ ಬಳಕೆಯಾಗುತ್ತದೆ. ಎಂಪಿರಿಸಿಸಮ್‌ನ ಬೇರಿನಲ್ಲಿರುವ ಗ್ರೀಕ್ ಪದ ‘ಎಂಪೈರಿಯಾ’, ಅದರೊಳಗಿನ ‘ಪೈರಾ’ ಎಂದರೆ ಯತ್ನ, ಪರೀಕ್ಷೆ. ಹಾಗೆ ನೋಡಿದರೆ ‘ಅನುಭವ’ಕ್ಕಿಂತ ನಮ್ಮ ‘ಮಾಡಿ ನೋಡುವುದು’ ಆ ಮೂಲಕ್ಕೆ ಹತ್ತಿರ ಎಂದು ನನ್ನ ಭಾವನೆ.

ಇಷ್ಟು ಹತ್ತಿರದ ಪದವೇ ಒಂದು ಕಡೆ ಕಾಲಿಗೆ ತೊಡರುತ್ತದೆ. ಡಬ್ಲಿನ್‌ನ ವಿಲಿಯಂ ಮಾಲಿನ್ಯೂ 1688ರಲ್ಲಿ ಒಂದು ಪ್ರಶ್ನೆ ಎತ್ತಿದ. ಅವನು ದೃಗ್ವಿಜ್ಞಾನದಲ್ಲಿ ಕೆಲಸ ಮಾಡಿದವನು, ಅವನ ಹೆಂಡತಿ ದೃಷ್ಟಿ ಕಳೆದುಕೊಂಡಿದ್ದಳು. ಹುಟ್ಟುಕುರುಡನೊಬ್ಬ ಗೋಳ ಯಾವುದು, ಘನ ಯಾವುದು ಎಂದು ಕೈಯಿಂದ ಮುಟ್ಟಿ ಹೇಳಬಲ್ಲ. ದೊಡ್ಡವನಾದ ಮೇಲೆ ಅವನಿಗೆ ದೃಷ್ಟಿ ಬಂದರೆ, ಮುಟ್ಟದೆ, ಬರಿಯ ಕಣ್ಣಿನಿಂದ ಅವೆರಡನ್ನು ಗುರುತಿಸಬಲ್ಲನೇ? ಲಾಕ್ ತನ್ನ ಗ್ರಂಥದ ಎರಡನೆಯ ಆವೃತ್ತಿಯಲ್ಲಿ (1694) ಈ ಪ್ರಶ್ನೆಯನ್ನು ಸೇರಿಸಿಕೊಂಡು, ಗುರುತಿಸಲಾರ ಎಂದ. ಮಾಲಿನ್ಯೂನ ಉತ್ತರವೂ ಅದೇ ಆಗಿತ್ತು. ತತ್ತ್ವಜ್ಞಾನಿ ಬರ್ಕ್ಲಿ 1709ರಲ್ಲಿ ಇನ್ನೂ ಗಟ್ಟಿಯಾಗಿ ಇದನ್ನೇ ಹೇಳಿದ. ಎದುರಿಗಿರುವುದು ಗೋಳ ಮತ್ತು ಘನ ಎಂದು ಮೊದಲೇ ತಿಳಿಸಿದ್ದರೆ ಯೋಚಿಸಿ ಗುರುತಿಸಬಲ್ಲ ಎಂಬುದು ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್‌ನ ವಾದ.

ಇದನ್ನು ಸಹಜವಾದ ಕನ್ನಡಕ್ಕೆ ತಂದರೆ ‘ಮುಟ್ಟಿ ನೋಡಿ ತಿಳಿದವನು ನೋಡಿ ತಿಳಿಯಬಲ್ಲನೇ?’ ಎಂದಾಗುತ್ತದೆ. ಪ್ರಶ್ನೆಯ ಜೀವ ಇರುವುದೇ ಮುಟ್ಟುವಿಕೆಯನ್ನು ನೋಟದಿಂದ ಬೇರೆಯಾಗಿ ಇಡುವುದರಲ್ಲಿ. ನಮ್ಮ ವಾಕ್ಯ ಪ್ರಶ್ನೆ ಕೇಳುವ ಮೊದಲೇ ಎರಡನ್ನೂ ಬೆಸೆದುಬಿಟ್ಟಿದೆ. ಸದ್ಯಕ್ಕೆ ‘ಸ್ಪರ್ಶದಿಂದ ಬಲ್ಲವನು ದೃಷ್ಟಿಯಿಂದ ಗುರುತಿಸಬಲ್ಲನೇ’ ಎಂದು ಬರೆದಿದ್ದೇನೆ. ಅರ್ಥ ಸ್ಪಷ್ಟವಿದೆ, ಮಾತು ಒಣಗಿದೆ.

ಅದೇ ಲೇಖನದ ಮುಂದಿನ ಪುಟದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ 1728ರಲ್ಲಿ ಒಬ್ಬ ಹುಡುಗನ ಕಣ್ಣಿನ ಪೊರೆ ತೆಗೆದದ್ದನ್ನು ವರದಿ ಮಾಡಿದ. ದೃಷ್ಟಿ ಬಂದ ಹುಡುಗನಿಗೆ ಬೆಕ್ಕು ಯಾವುದು, ನಾಯಿ ಯಾವುದು ಎಂದು ಮತ್ತೆ ಮತ್ತೆ ಮರೆಯುತ್ತಿತ್ತು, ಕೇಳಲು ನಾಚಿಕೆ. ಒಮ್ಮೆ ಬೆಕ್ಕನ್ನು ಹಿಡಿದ. ಮೈ ಸವರಿದೊಡನೆ ಅದು ಬೆಕ್ಕೆಂದು ತಿಳಿಯಿತು. ಕೈಯಲ್ಲಿ ಹಿಡಿದೇ ಅದನ್ನು ಕಣ್ಣಿಟ್ಟು ದಿಟ್ಟಿಸಿದ, ಇನ್ನೊಂದು ಸಲ ನಿನ್ನನ್ನು ಗುರುತಿಸುತ್ತೇನೆ ಎಂದು ಹೇಳಿ ಕೆಳಗೆ ಬಿಟ್ಟ. ಅವನು ಬೆಕ್ಕನ್ನು ‘ಮುಟ್ಟಿ ನೋಡಿದ’ ಎಂದರೆ ಎರಡೂ ಅರ್ಥ ಕೂಡಿ ಬರುತ್ತವೆ. ಇಲ್ಲಿ ಆ ಬೆಸುಗೆಯೇ ಬೇಕು.

ನಮ್ಮ ದೇಶದಲ್ಲೂ ಈ ಪ್ರಶ್ನೆಯನ್ನು ಪರೀಕ್ಷಿಸಿದ್ದಾರೆ. ಅಂಧ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುವ ಪ್ರಾಜೆಕ್ಟ್ ಪ್ರಕಾಶ್‌ನಲ್ಲಿ ಪವನ್ ಸಿನ್ಹಾ ಮತ್ತು ಸಂಗಡಿಗರು 8ರಿಂದ 17 ವಯಸ್ಸಿನ ಐದು ಮಕ್ಕಳಿಗೆ ದೃಷ್ಟಿ ಬಂದ ಕೂಡಲೇ ಆಟದ ಇಟ್ಟಿಗೆಗಳಂಥ ಆಕಾರಗಳನ್ನು ಕೊಟ್ಟು, ಎರಡರಲ್ಲಿ ಒಂದನ್ನು ಆರಿಸಲು ಹೇಳಿದರು. ಕಂಡದ್ದನ್ನು ಕಂಡೇ ಹೊಂದಿಸುವಾಗ ಶೇ 92 ಸರಿ. ಮುಟ್ಟಿದ್ದನ್ನು ಕಣ್ಣಿಂದ ಹೊಂದಿಸುವಾಗ ಶೇ 58, ಸುಮ್ಮನೆ ಊಹಿಸಿದರೂ ಅರ್ಧ ಸರಿಯಾಗುವ ಪರೀಕ್ಷೆಯಲ್ಲಿ. 2011ರಲ್ಲಿ ಪ್ರಕಟವಾದ ಈ ಫಲಿತಾಂಶ ಲಾಕ್‌ನ ಪಕ್ಷಕ್ಕೆ ವಾಲುತ್ತದೆ. ಮತ್ತೆ ಪರೀಕ್ಷಿಸಿದ ಮಕ್ಕಳು ಕೆಲವೇ ದಿನಗಳಲ್ಲಿ ಬಹಳ ಸುಧಾರಿಸಿದ್ದೂ ಅದರಲ್ಲಿದೆ.

ಇನ್ನು ಅಬ್ಸರ್ವೇಶನ್. ‘ವೀಕ್ಷಣೆ’ ವೀಕ್ಷಣಾಲಯಕ್ಕೆ ಹೊಂದುತ್ತದೆ, ಆದರೆ ಟಿವಿ, ಕ್ರಿಕೆಟ್ ವೀಕ್ಷಕರೂ ಅಲ್ಲೇ ಕೂತಿದ್ದಾರೆ. ‘ಅವಲೋಕನ’ ಸಿಂಹಾವಲೋಕನದ ಕಡೆಗೆ ಜಾರುತ್ತದೆ. ‘ನಿರೀಕ್ಷಣೆ’ ಹಿಂದಿಯಲ್ಲಿ ಸರಿ. ನಮ್ಮಲ್ಲಿ ಕಂದಾಯ ನಿರೀಕ್ಷಕರು ಪರಿಶೀಲಿಸುವವರು, ನಿರೀಕ್ಷೆ ಮಾತ್ರ ಮುಂದೆ ಬರಲಿರುವುದಕ್ಕೆ ಕಾಯುವುದು. ‘ಎದುರುನೋಡು’ವಿನಲ್ಲೂ ನೋಟ ಹೀಗೇ ಕಾಯುವಿಕೆಯಾಗಿದೆ. ‘ಗಮನಿಕೆ’ಯ ಕಡೆಗೆ ನನ್ನ ಒಲವು, ಏಕೆಂದರೆ ಅದು ಕಣ್ಣಿಗೆ ಕಟ್ಟುಬಿದ್ದಿಲ್ಲ. ಆದರೆ ಅದರಲ್ಲಿ ಪರೀಕ್ಷಿಸುವ ಅಂಶ ಕಡಿಮೆ.

ನನ್ನ ಪ್ರಶ್ನೆಗಳು ಇವು. ‘ಅನುಭವವಾದ’ವನ್ನು ಹಾಗೇ ಉಳಿಸಿಕೊಂಡು, ‘ಎಂಪಿರಿಕಲ್’ ಎಂಬ ವಿಶೇಷಣಕ್ಕೆ ಮಾತ್ರ ‘ಮಾಡಿ ನೋಡಿ ತಿಳಿದ’, ‘ಕಂಡು ಪ್ರಮಾಣಿಸಿದ’ ಎಂಬಂಥ ಮಾತುಗಳನ್ನು ಬಳಸಿದರೆ ಶಾಸ್ತ್ರಬರಹದಲ್ಲಿ ಒಪ್ಪುತ್ತದೆಯೇ? ಕಣ್ಣಿನ ನೋಟವನ್ನಷ್ಟೇ ಹೇಳಬೇಕಾದ ಕಡೆ ‘ಕಾಣು’, ಪರೀಕ್ಷಿಸುವ ಕಡೆ ‘ನೋಡು’ ಎಂದು ಲೇಖನದ ಉದ್ದಕ್ಕೂ ಗೆರೆ ಎಳೆದುಕೊಂಡರೆ ಓದುಗರಿಗೆ ಕೃತಕ ಅನ್ನಿಸಬಹುದೇ? ಉತ್ತರ ಕರ್ನಾಟಕದ, ಕರಾವಳಿಯ ಸದಸ್ಯರು ತಮ್ಮಲ್ಲಿ ಹದ ನೋಡುವಾಗ, ಚಿನ್ನ ಒರೆಗೆ ಹಚ್ಚುವಾಗ, ಬೀಜ ಆರಿಸುವಾಗ ‘ನೋಡು’ ಬಿಟ್ಟು ಬೇರೆ ಕ್ರಿಯಾಪದ ಬಳಸುತ್ತಾರೆಯೇ? ಬಳಸುವುದಾದರೆ ಪದವನ್ನಷ್ಟೇ ಕೊಡದೆ, ಅದು ಬರುವ ಪೂರ್ತಿ ವಾಕ್ಯವನ್ನೇ ಬರೆದು ತಿಳಿಸಿದರೆ ಉಪಕಾರವಾಗುತ್ತದೆ.