ಸ್ಮರಣ ಸಂಚಿಕೆಗೆ ಲೇಖನ, ಫೋಟೊ ಇಮೇಲ್ ಮಾಡುವಾಗ ಅಟ್ಯಾಚ್‌ಮೆಂಟ್ ಹೇಗಿರಬೇಕು?

ಓದುಗ_ತುಮಕೂರು: ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಲೇಖನ, ಎಂಟು ಫೋಟೊ ಕಳಿಸಬೇಕು. ಫೋಟೊಗಳೇ 30 ಎಂಬಿ ದಾಟುತ್ತವೆ. ಎಲ್ಲ ಸೇರಿಸಿ ಒಂದೇ ವರ್ಡ್ ಫೈಲ್ ಮಾಡಿದರೆ ಸಂಪಾದಕರಿಗೆ ಅನುಕೂಲವೇ?

ಪುಟವಿನ್ಯಾಸ: ದಯವಿಟ್ಟು ಹಾಗೆ ಮಾಡಬೇಡಿ. ಫೈಲ್ ಸೇವ್ ಆಗುವಾಗ ವರ್ಡ್ ಫೋಟೊಗಳನ್ನು ಕುಗ್ಗಿಸಿಬಿಡಬಹುದು. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ 6 ಇಂಚು ಅಗಲದ ಚಿತ್ರಕ್ಕೆ 1800. ಫೋಟೊಗಳನ್ನು ಬೇರೆಯಾಗಿಯೇ ಲಗತ್ತಿಸಿ. ಲೇಖನದಲ್ಲಿ ‘ಚಿತ್ರ 3 ಇಲ್ಲಿ’ ಎಂದು ಬರೆದು ಅಡಿಬರಹ ಕೊಟ್ಟರೆ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೊ ಬೇಡ, ಮೂಲ ಫೈಲನ್ನೇ ತರಿಸಿಕೊಳ್ಳಿ.

ನುಡಿಯ ವಿಷಯ ಇದಕ್ಕಿಂತ ಮುಖ್ಯ. ‘ನುಡಿ 01 ಇ’ಯಂಥ ಹಳೆಯ ಫಾಂಟು ಯುನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಸಾಮಾನ್ಯ ಅಕ್ಷರ ಸಂಕೇತದಲ್ಲಿಲ್ಲ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ‘ಕನ್ನಡ’ ಎಂಬ ಪದವೇ ಇಂಗ್ಲಿಷ್ ಅಕ್ಷರ, ನಡುವೆ ಪೌಂಡ್ ಚಿಹ್ನೆ ಆಗಿ ಕಾಣುತ್ತದೆ. ಯುನಿಕೋಡಿಗೆ ಪರಿವರ್ತಿಸಿಯೇ ಕಳಿಸಿ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿರುತ್ತವೆ, ಕೈಯಿಂದಲೇ ತಿದ್ದಬೇಕು.

ಓದುಗ_ತುಮಕೂರು: ಹಾಗಾದರೆ ಪಿಡಿಎಫ್ ಕಳಿಸಿದರೆ ಫಾಂಟಿನ ತೊಂದರೆಯೇ ಇರುವುದಿಲ್ಲವಲ್ಲ ಸರ್?

ಪುಟವಿನ್ಯಾಸ: ಓದಲು ಇರುವುದಿಲ್ಲ. ಆದರೆ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಅಕ್ಷರ ಚೆಲ್ಲಾಪಿಲ್ಲಿಯಾಗುತ್ತದೆ, ಪುಟ ಕಟ್ಟುವವರು ಮತ್ತೆ ಟೈಪ್ ಮಾಡಿಸಬೇಕಾಗುತ್ತದೆ. ವರ್ಡ್ ಫೈಲಿನ ಜೊತೆಗೆ ತಾಳೆ ನೋಡಲು ಪಿಡಿಎಫ್ ಇಡಿ, ಅದೊಂದನ್ನೇ ಬೇಡ.

ಮೇಲ್_ನಿರ್ವಾಹಕ: ಗಾತ್ರದ ಬಗ್ಗೆ: ಜಿಮೇಲ್ ಮಿತಿ 25 ಎಂಬಿ ಅಂತ ಅಷ್ಟನ್ನೂ ತುಂಬಬೇಡಿ. ಅಟ್ಯಾಚ್‌ಮೆಂಟನ್ನು ಅಕ್ಷರರೂಪಕ್ಕೆ ಬದಲಿಸಿ ಕಳಿಸುವಾಗ ಗಾತ್ರ ಸುಮಾರು ಮೂರನೇ ಒಂದರಷ್ಟು ಹಿಗ್ಗುತ್ತದೆ. 18 ಎಂಬಿ ಒಳಗಿದ್ದರೆ ಕ್ಷೇಮ. ಕೆಲವು ಕಚೇರಿಗಳ ಮೇಲ್ 10 ಎಂಬಿಗೇ ವಾಪಸ್ ಕಳಿಸುತ್ತದೆ, ಮೊದಲೇ ಕೇಳಿ. ನಿಮ್ಮ 30 ಎಂಬಿಗೆ ಗೂಗಲ್ ಡ್ರೈವ್ ಲಿಂಕ್ ಸರಿ. ಅನುಮತಿಯನ್ನು ‘ಲಿಂಕ್ ಇರುವ ಯಾರಾದರೂ’ ಎಂದು ಇಡಿ, ಇಲ್ಲದಿದ್ದರೆ ಸಂಪಾದಕರು ಅನುಮತಿ ಕೇಳಿ ಕಾಯುತ್ತಾ ಕೂರಬೇಕು. ಸಂಚಿಕೆ ಅಚ್ಚಾಗುವವರೆಗೆ ಫೈಲ್ ಅಳಿಸಬೇಡಿ.

ಕರಡು_ತಿದ್ದುವವರು: ಫೈಲಿಗೆ ನಿಮ್ಮ ಹೆಸರು, ಲೇಖನದ ಹೆಸರು ಎರಡೂ ಇರಲಿ. ‘ಲೇಖನ’ ಎಂಬ ಹೆಸರಿನ ಫೈಲು ಸಂಪಾದಕರಲ್ಲಿ ಆಗಲೇ ಹತ್ತಾರು ಇರುತ್ತವೆ. ಮೇಲ್ ಖಾಲಿ ಬಿಡದೆ ಏನೇನು ಲಗತ್ತಿಸಿದ್ದೀರಿ ಎಂದು ಎರಡು ಸಾಲು ಬರೆಯಿರಿ. ಒಂದು ಫೋಟೊ ತಪ್ಪಿದ್ದರೂ ಅವರಿಗೆ ಕೂಡಲೇ ಗೊತ್ತಾಗುತ್ತದೆ. ಆಮೇಲೆ ತಿದ್ದುಪಡಿ ಇದ್ದರೆ ಅದೇ ಮೇಲ್‌ಗೆ ಉತ್ತರವಾಗಿ ಕಳಿಸಿ, ಫೈಲ್ ಹೆಸರಿಗೆ ತಾರೀಖು ಸೇರಿಸಿ, ಯಾವ ಪ್ಯಾರಾ ಬದಲಾಗಿದೆ ಎಂದು ತಿಳಿಸಿ. ಪುಟ ಕಟ್ಟಿ ಆಗಿದ್ದರೆ ಅವರು ಆ ಪ್ಯಾರಾ ಮಾತ್ರ ಬದಲಿಸುತ್ತಾರೆ.