ಕಡಿದ ಧರೆಗೆ ಕಾಂಕ್ರೀಟ್ ಸಿಂಪಡಿಸಿದರೆ ಗುಡ್ಡ ನಿಲ್ಲುತ್ತದೆಯೇ?

ಅಂಕೋಲೆಯವ: 2024ರ ಜುಲೈ 16ರಂದು ನಮ್ಮ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿಹೋದ ಮೇಲೆ ನಮ್ಮ ಕಡೆ ಬಹಳ ಜನ ಹೇಳುವುದು ಒಂದೇ: ಕಡಿದ ಧರೆಗೆಲ್ಲ, ಅಂದರೆ ರಸ್ತೆಗಾಗಿ ಕಡಿದ ಗುಡ್ಡದ ಮೈಗೆಲ್ಲ, ಶಾಟ್‌ಕ್ರೀಟ್ (ಗಾಳಿಯ ಒತ್ತಡದಿಂದ ಸಿಂಪಡಿಸುವ ಕಾಂಕ್ರೀಟ್) ಹೊಡೆಯಿರಿ. ನನಗೆ ಒಪ್ಪಿಗೆಯಿಲ್ಲ. ನಮ್ಮೂರ ಹತ್ತಿರದ ಒಂದು ಧರೆಗೆ ಹೊಡೆದಿದ್ದರು. ಮಳೆಗಾಲದಲ್ಲಿ ನೋಡಿದರೆ ಅಡ್ಡಕ್ಕೆ ಬಿರುಕು, ಅದರಿಂದ ಕೆಂಪು ನೀರು ಜಿನುಗುತ್ತಿತ್ತು. ತಟ್ಟಿದರೆ ಟೊಳ್ಳು ಸದ್ದು. ಇದು ಗುಡ್ಡ ಹಿಡಿಯುವ ಕೆಲಸವೋ, ಕಣ್ಣಿಗೆ ಮರೆ ಮಾಡುವ ಕೆಲಸವೋ?

ಸುರಂಗ ಇಂಜಿನಿಯರ್: ಟೊಳ್ಳು ಸದ್ದು ಬಂದರೆ ಪದರ ಹಿಂದಿನ ಮೈಗೆ ಕಚ್ಚಿಕೊಂಡಿಲ್ಲ ಎಂದರ್ಥ. ಅದು ಕೆಲಸದ ದೋಷ, ವಿಧಾನದ್ದಲ್ಲ. ಸುರಂಗದಲ್ಲಿ ಬ್ಲಾಸ್ಟ್ ಆದ ಬೆನ್ನಿಗೇ ಶಾಟ್‌ಕ್ರೀಟ್ ಹೊಡೆಯುತ್ತೇವೆ, ಬಂಡೆ ಸಡಿಲವಾಗುವ ಮೊದಲೇ ಹಿಡಿದುಕೊಳ್ಳಲಿ ಅಂತ. 1960ರ ದಶಕದಲ್ಲಿ ಹೆಸರಾದ ಆಸ್ಟ್ರಿಯನ್ ಸುರಂಗ ಪದ್ಧತಿ ನಿಂತಿರುವುದೇ ಇದರ ಮೇಲೆ.

ಭೂವಿಜ್ಞಾನ ಓದಿದವಳು: ಸರ್, ನಿಮ್ಮ ಬಂಡೆ ಬೇರೆ, ಕರಾವಳಿಯ ಗುಡ್ಡ ಬೇರೆ. ಇಲ್ಲಿ ಎಷ್ಟೋ ಕಡೆ ಮೇಲೆ ಚಿರೆಕಲ್ಲು, ಅಡಿಯಲ್ಲಿ ಶೇಡಿ ಮಣ್ಣು, ಅಂದರೆ ನೀರು ಸುಲಭವಾಗಿ ಇಳಿಯದ ನುಣುಪು ಜೇಡಿ. ಮಳೆನೀರು ಚಿರೆಕಲ್ಲಿನ ತೂತುಗಳಲ್ಲಿ ಸರಾಗವಾಗಿ ಇಳಿಯುತ್ತದೆ, ಶೇಡಿಯ ಮೇಲೆ ಬಂದು ನಿಲ್ಲುತ್ತದೆ. ಅದು ಹೊರಬರುವ ಜಾಗಕ್ಕೇ ಕಾಂಕ್ರೀಟ್ ಹೊಡೆದರೆ ಒತ್ತಡ ಒಳಗೇ ಬೆಳೆಯುತ್ತದೆ. ಗಿಡ್ಡ ವೀಪ್ ಹೋಲ್‌ಗಳು (ನೀರು ಜಿನುಗಲು ಕಾಂಕ್ರೀಟಿನಲ್ಲಿ ಬಿಡುವ ತೂತುಗಳು) ಪದರದ ಬೆನ್ನಿನ ನೀರನ್ನಷ್ಟೇ ಬಿಡುತ್ತವೆ. ಗುಡ್ಡದ ಒಳಕ್ಕೆ ಹೋಗುವ ಮೈತುಂಬ ತೂತಿರುವ ಉದ್ದನೆಯ ಪೈಪು ಬೇಕು, ಧರೆಯ ನೆತ್ತಿಯಲ್ಲಿ ಚರಂಡಿಯೂ ಬೇಕು.

ಸುರಂಗ ಇಂಜಿನಿಯರ್: ಚರಂಡಿ, ಪೈಪಿನ ಮಾತು ನೂರಕ್ಕೆ ನೂರು ಸರಿ. ಆದರೆ ಮಣ್ಣಿನ ಧರೆಗೆ ಬರೀ ಶಾಟ್‌ಕ್ರೀಟ್ ಸಾಕು ಅಂತ ಯಾವ ಡಿಸೈನರೂ ಹೇಳುವುದಿಲ್ಲ ಮೇಡಂ. ಒಳಕ್ಕೆ ಡ್ರಿಲ್ ಮಾಡಿ ಕಬ್ಬಿಣದ ಸರಳು ತೂರಿಸಿ, ಗ್ರೌಟ್ (ತೆಳು ಸಿಮೆಂಟ್ ಗಂಜಿ) ತುಂಬಿ, ಮೆಶ್ (ತಂತಿ ಜಾಲರಿ) ಕಟ್ಟಿ, ಅದರ ಮೇಲೆ ಹೊಡೆಯುವುದು. ಗುಡ್ಡ ಹಿಡಿಯುವುದು ಆ ಸರಳು. ಶಾಟ್‌ಕ್ರೀಟ್ ಸರಳುಗಳ ನಡುವಿನ ಮಣ್ಣು ಉದುರದಂತೆ ತಡೆಯುತ್ತದೆ.

ನಾಝಲ್ ಮೇಸ್ತ್ರಿ: ಎಲ್ಲಾರೂ ಡ್ರಾಯಿಂಗ್ ಬಗ್ಗೆ ಮಾತಾಡಾಕತ್ತೀರಿ, ನಾಝಲ್ (ಮಾಲು ಚಿಮ್ಮೋ ಪೈಪಿನ ಬಾಯಿ) ಹಿಡಿದಾಂವನ ಬಗ್ಗೆ ಯಾರೂ ಹೇಳವಲ್ರಿ. ಗ್ವಾಡಿಯಿಂದ ಒಂದು, ಒಂದೂವರೆ ಮೀಟರ್ ದೂರ ನಿಂತು ನೆಟ್ಟಗ ಹೊಡೀಬೇಕು. ಓರೆ ಹಿಡಿದ್ರ ಮಾಲು ಸಿಡಿದು ಕೆಳಗ ಬೀಳತೈತಿ, ಸರಳಿನ ಹಿಂದ ಪೊಳ್ಳು ಉಳೀತೈತಿ. ಒಣ ಮಿಶ್ರಣದಾಗ, ಅಂದ್ರ ಒಣಾ ಮಾಲಿಗಿ ನಾಝಲ್‌ನ್ಯಾಗ ನೀರು ಸೇರಿಸೋ ಪದ್ಧತ್ಯಾಗ, ನೀರಿನ ವಾಲ್ವ್ ನಮ್ಮ ಕೈಯಾಗ ಇರತೈತ್ರಿ. ಕಡಿಮಿ ಆದ್ರ ಧೂಳು, ಹೆಚ್ಚಾದ್ರ ಜೋತು ಬೀಳತೈತಿ. ಚೊಲೋ ಹೊಡೆದ್ರೂ ಕಾಲು ಭಾಗ ಕೆಳಗ ಬೀಳೂದುಂಟು. ಅದನ್ನ ಬಾಚಿ ಮತ್ತ ಮಶೀನಿಗಿ ಹಾಕು ಅಂತಾರ ಕೆಲವು ಸೈಟಿನ್ಯಾಗ. ಅದರಾಗ ಸಿಮೆಂಟ್ ಎಲ್ಲಿ ಉಳಿದಿರತೈತಿ? ಬರೀ ಉಸುಕು, ಜಲ್ಲಿ. ಇನ್ನ ಒರತಿ ಇದ್ದಲ್ಲೆ ಮೊದಲ ಪೈಪ್ ಹಾಕಿ ನೀರು ತಿರುವಬೇಕು, ಹರಿಯೋ ನೀರಿನ ಮ್ಯಾಲ ಹೊಡೆದ್ರ ಅಂಟೂದಿಲ್ಲ.

ಶಿರಸಿ ಭಟ್ಟ: ಇಷ್ಟೆಲ್ಲ ರಗಳೆ ಯಾಕೆ, ಗುಡ್ಡವನ್ನು ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಜಾರು ಕೊಡಿ.

ಸುರಂಗ ಇಂಜಿನಿಯರ್: ಕೊಡಬಹುದು. ಆದರೆ ಅದಕ್ಕೆ ಇನ್ನಷ್ಟು ಜಾಗ ಬೇಕು, ಇನ್ನಷ್ಟು ಕಾಡು ಕಡಿಯಬೇಕು. ಒಪ್ಪುತ್ತೀರಾ?

ಶಿರಸಿ ಭಟ್ಟ: ಜನ ಸಾಯುವುದಕ್ಕಿಂತ ಜಾಗ ಬಿಟ್ಟುಕೊಡುವುದು ಮೇಲು. ಆ ಲೆಕ್ಕ ರಸ್ತೆಯ ನಕ್ಷೆ ಬರೆಯುವಾಗಲೇ ಆಗಬೇಕಿತ್ತು.

ಅಂಕೋಲೆಯವ: ಮೇಸ್ತ್ರಿಯವರೇ, ನಮ್ಮಂಥವರು ಏನು ನೋಡಬಹುದು?

ನಾಝಲ್ ಮೇಸ್ತ್ರಿ: ಬ್ಯಾಸಗ್ಯಾಗ ಸಣ್ಣ ಸುತಗಿಲೆ ತಟ್ಟಿ ನೋಡ್ರಿ, ಟೊಳ್ಳು ಇದ್ದಲ್ಲೆ ಫೋಟೋ ತಗೀರಿ. ಮಳ್ಯಾಗ ಧರಿ ಬುಡಕ್ಕ ಹೋಗಬ್ಯಾಡ್ರಿ, ದೂರದಿಂದ ಪೈಪ್ ನೋಡ್ರಿ. ನಾಕು ದಿನ ಜಡಿಮಳಿ ಹೊಡೆದ್ರೂ ಪೈಪಿನ್ಯಾಗ ನೀರು ಬರದ ಬಿರುಕಿನ್ಯಾಗ ಬರಾಕತ್ತಿದ್ರ ತಡಾ ಮಾಡದ ತಹಶೀಲ್ದಾರರಿಗೆ ತಿಳಸ್ರಿ.